ವೇದಿಕೆಗೆ ಆಟಗಾರ್ತಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಮಹಿಳಾ ಸಮಾವೇಶ, ವಾರ್ಷಿಕೋತ್ಸವ, ಕಾಲೇಜು ಕ್ರೀಡಾ ದಿನಗಳಿಗೆ ಆಟಗಾರ್ತಿಯರನ್ನು ಭಾಷಣಕ್ಕೆ ಕರೆಯುವ ಬಗ್ಗೆ ಮಲೆನಾಡಿನ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ.

ಪ್ರಶ್ನೆ: ನಮ್ಮದು ಮಹಿಳಾ ಪತ್ತಿನ ಸಹಕಾರ ಸಂಘ. ಬೆಳ್ಳಿಹಬ್ಬಕ್ಕೆ ಆಟಗಾರ್ತಿಯೊಬ್ಬರನ್ನು ಕರೆಸಬೇಕು ಎಂದು ಆಡಳಿತ ಮಂಡಳಿಯಲ್ಲಿ ತೀರ್ಮಾನವಾಗಿದೆ. ಅರ್ಧ ಜನ ಮೇರಿ ಕೋಮ್ ಬೇಕು ಅಂತಾರೆ, ಉಳಿದವರು ಕನ್ನಡ ಮಾತಾಡುವವರು ಸಾಕು ಅಂತಾರೆ. ಕೈಯಲ್ಲಿರುವುದು ಒಂದು ಲಕ್ಷ. ಯಾರನ್ನು ಕರೆಯೋಣ?
— ಸಂಘದ ಕಾರ್ಯದರ್ಶಿ, ತೀರ್ಥಹಳ್ಳಿ

ಉತ್ತರ: ಕನ್ನಡದವರನ್ನೇ ಕರೆಯಿರಿ. ಮೇರಿ ಕೋಮ್ ಆರು ಬಾರಿ ವಿಶ್ವ ಚಾಂಪಿಯನ್, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು. ಅವರ ಸಾಧನೆ ಬಗ್ಗೆ ಎರಡು ಮಾತಿಲ್ಲ. ಆದರೆ ಅಷ್ಟು ದೊಡ್ಡ ಹೆಸರಿನವರ ಸಂಭಾವನೆಗೆ, ಜೊತೆಯವರ ವಿಮಾನ ಖರ್ಚಿಗೆ ನಿಮ್ಮ ಲಕ್ಷ ಸಾಲದು. ಹಣ ಹೊಂದಿಸಿದರೂ ಭಾಷೆಯ ತೊಡಕು ಉಳಿಯುತ್ತದೆ. ಒಂದೊಂದು ವಾಕ್ಯಕ್ಕೂ ಅನುವಾದಕರು ನಡುವೆ ನಿಂತರೆ 40 ನಿಮಿಷದ ಭಾಷಣದಲ್ಲಿ ಮಾತು ಸಿಗುವುದು 20 ನಿಮಿಷ ಮಾತ್ರ. ಅದರಲ್ಲೂ ಮಾತಿನ ಬಿಸಿ ಅರ್ಧ ದಾರಿಯಲ್ಲೇ ಆರಿಹೋಗುತ್ತದೆ.

ಹೆಸರು ಹುಡುಕುವ ಮೊದಲು ಸಭೆಯಲ್ಲಿ ಕೂರುವವರು ಯಾರು ಎಂದು ನೋಡಿ. ನಿಮ್ಮ ಸದಸ್ಯೆಯರು ಬಹುಪಾಲು ತೋಟ, ಹೈನು, ಹೊಲಿಗೆ ನೋಡಿಕೊಂಡು ಸಾಲದ ಕಂತು ಕಟ್ಟುವವರಾದರೆ ತಂಡದ ಆಟದವರು ಚೆನ್ನಾಗಿ ಒದಗುತ್ತಾರೆ. ಕಬಡ್ಡಿಯಲ್ಲಿ ರಕ್ಷಣೆಗೆ ನಿಂತವರು ಕೈ ಕೈ ಹಿಡಿದು ಸರಪಳಿ ಕಟ್ಟುತ್ತಾರೆ. ಒಬ್ಬಳು ಅವಸರಪಟ್ಟು ಕೈ ಬಿಟ್ಟರೆ ರೈಡರ್ ನುಸುಳಿ ಹೋಗುತ್ತಾಳೆ. ಸ್ವಸಹಾಯ ಗುಂಪು ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ರಾಜ್ಯದ ವಿ. ತೇಜಸ್ವಿನಿ ಬಾಯಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಬಡ್ಡಿ ಚಿನ್ನ ಗೆದ್ದ ತಂಡಗಳಲ್ಲಿದ್ದವರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಖೋ-ಖೋ ವಿಶ್ವಕಪ್ ಗೆದ್ದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಬಿ. ಚೈತ್ರಾ ಇದ್ದರು.

ಕ್ರಿಕೆಟ್ಟಿನವರೇ ಬೇಕೆಂದರೆ ವೇದಾ ಕೃಷ್ಣಮೂರ್ತಿ ಇದ್ದಾರೆ; ಹುಟ್ಟಿದ್ದು ಪಕ್ಕದ ಕಡೂರಿನಲ್ಲಿ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70 ರನ್ ಹೊಡೆದವರು. ಅದೇ ಪಂದ್ಯದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ಹಿರಿಯರಲ್ಲಿ ಶಾಂತಾ ರಂಗಸ್ವಾಮಿ: ಭಾರತ ಮಹಿಳಾ ತಂಡದ ಮೊದಲ ನಾಯಕಿ, ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್. ಓಟಗಾರ್ತಿ ಅಶ್ವಿನಿ ನಾಚಪ್ಪ ಕೊಡಗಿನಲ್ಲಿ ಶಾಲೆಯನ್ನೇ ಕಟ್ಟಿದ್ದಾರೆ. ಸಂಸ್ಥೆ ನಡೆಸುವ ಕಷ್ಟಸುಖ ಕೇಳಬೇಕೆನ್ನುವ ಸಂಘಕ್ಕೆ ಅವರು ಸರಿಯಾದ ಆಯ್ಕೆ.

ಇವರಲ್ಲಿ ಯಾರು ಬಿಡುವಾಗಿರುತ್ತಾರೆ, ಎಷ್ಟಕ್ಕೆ ಒಪ್ಪುತ್ತಾರೆ ಎಂಬುದನ್ನು ಕೇಳಿಯೇ ತಿಳಿಯಬೇಕು. ಒಪ್ಪಿಸುವ ಮೊದಲು ಎರಡು ಕೆಲಸ ತಪ್ಪಿಸಬೇಡಿ. ಅವರ ಹಳೆಯ ಭಾಷಣದ ಕತ್ತರಿಸದ ವಿಡಿಯೊ ಹತ್ತು ನಿಮಿಷವಾದರೂ ನೋಡಿ. ಒಂದು ನಿಮಿಷದ ತುಣುಕಿನಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ಹಿಂದೆ ಕರೆಸಿದ್ದ ಸಂಘಟಕರೊಬ್ಬರಿಗೆ ಫೋನ್ ಮಾಡಿ, ಸಮಯಕ್ಕೆ ಬಂದರೇ, ಪ್ರಶ್ನೆಗಳಿಗೆ ನಿಂತರೇ ಎಂದು ವಿಚಾರಿಸಿ. ದೊಡ್ಡ ಪದಕವಿಲ್ಲದ, ರಾಜ್ಯಮಟ್ಟದಲ್ಲಿ ಆಡಿ ಈಗ ನಿಮ್ಮದೇ ತಾಲ್ಲೂಕಿನಲ್ಲಿ ದೈಹಿಕ ಶಿಕ್ಷಕಿಯಾಗಿರುವವರು ಈ ಎರಡೂ ಪರೀಕ್ಷೆಯಲ್ಲಿ ಗೆದ್ದರೆ ಅವರನ್ನೇ ಕರೆಯಿರಿ. ಮನೆ, ಮಳೆ, ಬಸ್ಸು ಮೂರನ್ನೂ ದಾಟಿ ಅಭ್ಯಾಸಕ್ಕೆ ಹೋದದ್ದು ಹೇಗೆ ಎಂದು ಅವರು ಹೇಳಿದರೆ ನಿಮ್ಮ ಸದಸ್ಯೆಯರಿಗೆ ನೇರ ತಟ್ಟುತ್ತದೆ.

ಪ್ರಶ್ನೆ: ಸಂಭಾವನೆ ಎಷ್ಟು ಅಂತ ಕೇಳಲು ಸಂಕೋಚ. ತೆರಿಗೆ ಕಡಿತ, ಜಿಎಸ್‌ಟಿ ಅಂತೆಲ್ಲ ನಮ್ಮ ಲೆಕ್ಕಪರಿಶೋಧಕರು ಹೆದರಿಸುತ್ತಿದ್ದಾರೆ.
— ಒಕ್ಕೂಟದ ಖಜಾಂಚಿ, ಭದ್ರಾವತಿ

ಉತ್ತರ: ಮೊದಲ ಫೋನಿನಲ್ಲೇ ಕೇಳಿ. ‘ಸಂತೋಷಕ್ಕೆ ಏನಾದರೂ ಕೊಡ್ತೀವಿ’ ಎಂದರೆ ಇಬ್ಬರಿಗೂ ಮುಜುಗರ. ಅವರು ಹೇಳಿದ ಮೊತ್ತ ಕೈಗೆ ಬರುವ ಮೊತ್ತವೋ, ತೆರಿಗೆ ಕಡಿಯುವ ಮೊದಲಿನದೋ ಎಂದು ಅದೇ ಮಾತಿನಲ್ಲಿ ಸ್ಪಷ್ಟಪಡಿಸಿಕೊಳ್ಳಿ. ಗಲಾಟೆಯಾಗುವುದು ಹೆಚ್ಚಾಗಿ ಇಲ್ಲೇ.

ವೃತ್ತಿಪರ ಶುಲ್ಕ ವರ್ಷಕ್ಕೆ 50,000 ರೂ. ಮೀರಿದರೆ ಸಂಘ-ಸಂಸ್ಥೆಗಳು ಶೇ. 10 ಕಡಿದು ಸರ್ಕಾರಕ್ಕೆ ಕಟ್ಟಬೇಕು. 60,000ಕ್ಕೆ ಒಪ್ಪಿದರೆ 6,000 ಕಡಿತ, ಅವರ ಖಾತೆಗೆ 54,000. ‘ಕೈಗೆ 60 ಸಾವಿರ ಬರಬೇಕು’ ಎಂದಿದ್ದರೆ ನಿಮ್ಮ ಖರ್ಚು 66,667. ಪ್ಯಾನ್ ಸಂಖ್ಯೆ ಕೊಡದಿದ್ದರೆ ಕಡಿತ ಶೇ. 20 ಆಗುತ್ತದೆ, ಹಾಗಾಗಿ ಆಹ್ವಾನ ಒಪ್ಪಿದ ದಿನವೇ ಪ್ಯಾನ್ ಪ್ರತಿ ತರಿಸಿಕೊಳ್ಳಿ. ಕಡಿದ ಹಣವನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು; ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಅವಕಾಶ. ಅವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ, ಅಥವಾ ನೀವು ಏಜೆನ್ಸಿ ಮೂಲಕ ಕರೆಸಿದರೆ, ಮೇಲೆ ಶೇ. 18: 60,000ಕ್ಕೆ 10,800 ಹೆಚ್ಚು. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ತೆರಿಗೆ ಕಡಿತ ಮೂಲ ಮೊತ್ತಕ್ಕೆ ಮಾತ್ರ. ಟಿಕೆಟ್ಟು, ವಸತಿಯನ್ನು ನೀವೇ ನೇರವಾಗಿ ಕಾಯ್ದಿರಿಸಿ. ಅದು ಸಂಭಾವನೆಯ ಲೆಕ್ಕದೊಳಗೆ ಬೆರೆಯುವುದಿಲ್ಲ.

ಒಪ್ಪಂದ ಒಂದು ಪುಟದ ಪತ್ರವಾದರೂ ಇರಲಿ. ದಿನಾಂಕ, ಸ್ಥಳ, ಭಾಷಣದ ಅವಧಿ, ಸಭಿಕರ ಸಂಖ್ಯೆ, ಭಾಷೆ, ಮೊತ್ತ, ಜೊತೆಗೆ ಬರುವವರು, ವಿಡಿಯೊ ತೆಗೆದು ಜಾಲತಾಣದಲ್ಲಿ ಹಾಕಲು ಅನುಮತಿ ಇದೆಯೋ ಇಲ್ಲವೋ, ಇಷ್ಟನ್ನು ಬರೆಯಿರಿ. ಪ್ರಾಯೋಜಕರ ಹೆಸರನ್ನೂ ಮೊದಲೇ ತಿಳಿಸಿ. ನಮ್ಮದು ಅಡಿಕೆ ಸೀಮೆ. ಪಾನ್ ಮಸಾಲಾ ಕಂಪನಿಯ ಬ್ಯಾನರ್ ವೇದಿಕೆ ಹಿಂದೆ ಕಂಡು ಮಾತಾಡಲು ನಿರಾಕರಿಸುವ ಹಕ್ಕು ಆಟಗಾರ್ತಿಗೆ ಇದೆ, ನಿರಾಕರಿಸಿದರೆ ತಪ್ಪು ಅವರದ್ದಲ್ಲ. ರೈಲ್ವೆ, ಪೊಲೀಸ್, ಬ್ಯಾಂಕ್ ಕೆಲಸದಲ್ಲಿರುವವರು ಹಣ ಪಡೆಯಲು ಇಲಾಖೆಯ ಅನುಮತಿ ಬೇಕಾಗುತ್ತದೆ. ಅದಕ್ಕೆ ನಿಮ್ಮ ಲೆಟರ್‌ಹೆಡ್ಡಿನ ಪತ್ರ ಬೇಕು, ಕನಿಷ್ಠ ಒಂದು ತಿಂಗಳು ಮೊದಲು.

ಪ್ರಶ್ನೆ: ಜುಲೈನಲ್ಲಿ ನಮ್ಮ ಕಾಲೇಜಿನ ಕಾರ್ಯಕ್ರಮ. ಈಗಲೂ ಸ್ಪರ್ಧಿಸುತ್ತಿರುವ ಅಥ್ಲೀಟ್ ಒಬ್ಬರನ್ನು ಬೆಂಗಳೂರಿನಿಂದ ಕರೆಸುತ್ತಿದ್ದೇವೆ. ಗಮನಿಸಬೇಕಾದ್ದು ಏನು?
— ಉಪನ್ಯಾಸಕಿ, ಹೊಸನಗರ

ಉತ್ತರ: ಸಾಧ್ಯವಾದರೆ ಜುಲೈ ಬಿಡಿ. ಜಿಂಕ್ ಶೀಟಿನ ಸಭಾಂಗಣವಾದರೆ ಜೋರು ಮಳೆ ಹೊಡೆದಾಗ ಸೌಂಡ್ ಸಿಸ್ಟಂ ಎಷ್ಟೇ ಏರಿಸಿದರೂ ಮಾತು ಕೇಳುವುದಿಲ್ಲ. ಆರ್‌ಸಿಸಿ ಚಾವಣಿಯ ಜಾಗ ಹುಡುಕಿ, ಇಲ್ಲವೇ ಕಾರ್ಯಕ್ರಮವನ್ನು ಸೆಪ್ಟೆಂಬರ್ ಕೊನೆಗೆ ಹಾಕಿ. ಅಡಿಕೆ ಕೊಯ್ಲು ಶುರುವಾದ ಮೇಲೆ ಹೆಣ್ಣುಮಕ್ಕಳು ಸುಲಿಯುವ ಕೆಲಸ ಬಿಟ್ಟು ಬರುವುದು ಕಷ್ಟ. ಫೆಬ್ರವರಿ ನಂತರ ಮತ್ತೆ ಬಿಡುವು.

ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ 2023ರಿಂದ ಇದೆ. ಆದರೆ ಮಳೆಗಾಲದಲ್ಲಿ ಮೋಡ ಕವಿದರೆ ವಿಮಾನ ಇಳಿಯದೆ ಮರಳುವುದುಂಟು. ಹಿಂದಿನ ದಿನದ ರೈಲಿನಲ್ಲಿ ಶಿವಮೊಗ್ಗಕ್ಕೆ ಕರೆಸಿ, ರಾತ್ರಿ ಅಲ್ಲೇ ಉಳಿಸಿ, ಬೆಳಗ್ಗೆ ಕಾರಿನಲ್ಲಿ ಕರೆತನ್ನಿ. ಘಟ್ಟದ ಕೆಳಗಿನವರಾದರೆ ಆಗುಂಬೆಯೋ ಹುಲಿಕಲ್ಲೋ, ಮರ ಬಿದ್ದರೆ ಬದಲಿ ದಾರಿ ಯಾವುದು ಎಂಬುದು ಚಾಲಕರಿಗೆ ಗೊತ್ತಿರಲಿ.

ಇನ್ನೊಂದು ವಿಷಯ ಸಂಘಟಕರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಉನ್ನತ ಮಟ್ಟದ ಅಥ್ಲೀಟುಗಳು ಉದ್ದೀಪನ ಪರೀಕ್ಷೆಯ ನೋಂದಾಯಿತ ಪಟ್ಟಿಯಲ್ಲಿದ್ದರೆ ಪ್ರತಿದಿನ ತಾವು ಎಲ್ಲಿರುತ್ತೇವೆ ಎಂದು ಮೊದಲೇ ತಿಳಿಸಿರಬೇಕು. ದಿನಕ್ಕೆ 60 ನಿಮಿಷದ ಒಂದು ಅವಧಿಯಲ್ಲಿ ಹೇಳಿದ ಜಾಗದಲ್ಲೇ ಸಿಗಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಉಲ್ಲಂಘನೆ, ನಿಷೇಧಕ್ಕೆ ದಾರಿ. ಹಾಗಾಗಿ ‘ಲಾಡ್ಜ್ ಬೇಡ, ನಮ್ಮ ಮನೆಗೇ ಬನ್ನಿ’ ಎಂದು ಕೊನೆ ಗಳಿಗೆಯಲ್ಲಿ ವಸತಿ ಬದಲಿಸಬೇಡಿ. ಕೆಮ್ಮಿಗೆ ಕಷಾಯ, ಶಕ್ತಿಗೆ ಲೇಹ್ಯ ಎಂದು ಪ್ರೀತಿಯಿಂದ ಕೊಟ್ಟದ್ದನ್ನು ಅವರು ಬೇಡ ಅಂದರೆ ಒತ್ತಾಯಿಸಬೇಡಿ. ದೇಹದಲ್ಲಿ ಏನು ಸಿಕ್ಕರೂ ಹೊಣೆ ಅಥ್ಲೀಟಿನದ್ದೇ, ಕೊಟ್ಟವರದ್ದಲ್ಲ. ಬೆಳಗಿನ ಅಭ್ಯಾಸಕ್ಕೆ ಎಲ್ಲಿ ಓಡಬಹುದು ಎಂದು ಮೊದಲೇ ಹೇಳಿದರೆ ಅವರಿಗೆ ದೊಡ್ಡ ಉಪಕಾರ.

ಪ್ರಶ್ನೆ: ಕಳೆದ ಬಾರಿ ಅತಿಥಿ ಮೈಕ್ ಹಿಡಿಯುವಷ್ಟರಲ್ಲಿ ಊಟದ ಹೊತ್ತಾಗಿ ಅರ್ಧ ಸಭೆ ಎದ್ದು ಹೋಯಿತು. ಈ ಸಲ ಹಾಗಾಗಬಾರದು.
— ಮಹಿಳಾ ಮಂಡಳಿ ಅಧ್ಯಕ್ಷೆ, ಸಾಗರ

ಉತ್ತರ: ಭಾಷಣವನ್ನು ಸನ್ಮಾನದ ಮುಂದೆ ತನ್ನಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ನಮ್ಮ ಕಡೆ ಒಬ್ಬರ ಸನ್ಮಾನಕ್ಕೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸನ್ಮಾನಪತ್ರದ ವಾಚನ, ಆಮೇಲೆ ಫೋಟೊ ಎಂದು ಐದಾರು ನಿಮಿಷ ಬೇಕು. ಆರು ಜನರಿಗೆ ಮಾಡಿದರೆ ಅರ್ಧ ಗಂಟೆ ಹೋಯಿತು.

10.30ಕ್ಕೆ ಶುರುವೆಂದು ಲೆಕ್ಕ ಹಾಕಿ. ನಾಡಗೀತೆಗೆ ಸರ್ಕಾರ ನಿಗದಿ ಮಾಡಿದ ಅವಧಿ ಎರಡೂವರೆ ನಿಮಿಷ. ದೀಪ ಬೆಳಗುವುದು, ಸ್ವಾಗತ ಸೇರಿ 10.45. ಪ್ರಾಸ್ತಾವಿಕ ಐದು ನಿಮಿಷ, ಅತಿಥಿ ಪರಿಚಯ ಎರಡೇ ನಿಮಿಷ. 10.55ಕ್ಕೆ ಮೈಕ್ ಅವರ ಕೈಗೆ. 30 ನಿಮಿಷ ಮಾತು, 20 ನಿಮಿಷ ಪ್ರಶ್ನೋತ್ತರ. 11.45ರ ಮೇಲೆ ಅಧ್ಯಕ್ಷರ ಮಾತು, ಸನ್ಮಾನ, ವಂದನಾರ್ಪಣೆ ಏನು ಬೇಕಾದರೂ ಮಾಡಿ. ಜನಪ್ರತಿನಿಧಿಗಳು ತಡವಾಗಿ ಬಂದರೆ ಭಾಷಣ ನಿಲ್ಲಿಸಿ ಸ್ವಾಗತಿಸುವ ಪದ್ಧತಿ ಬೇಡ. ಬಂದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮಾತು ಮುಗಿದ ಮೇಲೆ ವೇದಿಕೆಗೆ ಕರೆಯಿರಿ; ಇದನ್ನು ಅವರ ಕಚೇರಿಗೆ ಮೊದಲೇ ತಿಳಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸೌಂಡ್ ಬಾಕ್ಸ್‌ಗಳು ಮಾತಾಡುವವರಿಗಿಂತ ಮುಂದೆ, ಸಭೆಯ ಕಡೆ ಮುಖ ಮಾಡಿ ನಿಲ್ಲಬೇಕು. ಹಿಂದಿದ್ದರೆ ಅದೇ ಸದ್ದು ಮೈಕಿಗೆ ಮರಳಿ ಹೊಕ್ಕು ಕೀರಲು ಶುರುವಾಗುತ್ತದೆ. ಪಂದ್ಯದ ವಿಡಿಯೊ ತೋರಿಸುವುದಿದ್ದರೆ ಪ್ರೊಜೆಕ್ಟರನ್ನೂ ಲ್ಯಾಪ್‌ಟಾಪನ್ನೂ ಯುಪಿಎಸ್‌ಗೆ ಹಾಕಿ. ಕರೆಂಟು ಹೋಗಿ ಜನರೇಟರ್ ಹಿಡಿಯುವುದು ಕೆಲವೇ ಸೆಕೆಂಡಾದರೂ ಹಳೆಯ ಬಲ್ಬಿನ ಪ್ರೊಜೆಕ್ಟರ್ ಆರಿದರೆ ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ನಿಮಿಷಗಳೇ ಬೇಕು. ವಿಡಿಯೊವನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ, ನೆಟ್‌ವರ್ಕ್ ನಂಬಬೇಡಿ. ಮೈದಾನದಲ್ಲಿ ಧ್ವನಿವರ್ಧಕ ಹಾಕುವುದಾದರೆ ಲಿಖಿತ ಅನುಮತಿ ಬೇಕು.

ಸ್ಮರಣಿಕೆ ಬಗ್ಗೆ ಒಂದು ಮಾತು. ಎರಡಡಿ ಎತ್ತರದ ಗಾಜಿನ ಫಲಕವನ್ನು ರೈಲಿನಲ್ಲಿ ಒಯ್ಯುವುದು ಶಿಕ್ಷೆ. ನಿಮ್ಮ ಸಾಗರದಲ್ಲೇ ಗುಡಿಗಾರರ ಕೆತ್ತನೆ ಇದೆ. ಅಂಗೈಯಗಲದ ಪೆಟ್ಟಿಗೆಯೊಂದು ಸಾಕು.

ಪ್ರಶ್ನೆ: ನಾನು ರಾಜ್ಯಮಟ್ಟದಲ್ಲಿ ಖೋ-ಖೋ ಆಡಿದ್ದೆ, ಈಗ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ತಾಲ್ಲೂಕು ಮಹಿಳಾ ಸಮಾವೇಶದಲ್ಲಿ 20 ನಿಮಿಷ ಮಾತಾಡಲು ಕೇಳಿದ್ದಾರೆ. ಮೈದಾನದಲ್ಲಿ ಹೆದರಿಲ್ಲ, ಮೈಕಿಗೆ ಹೆದರಿಕೆ. ಹೇಗೆ ತಯಾರಾಗಲಿ?
— ಶಿಕ್ಷಕಿ, ಸೊರಬ

ಉತ್ತರ: ನಿಮ್ಮ ಪದಕಗಳ ಪಟ್ಟಿಯನ್ನು ನಿರೂಪಕಿ ಓದಲಿ, ನೀವು ಓದಬೇಡಿ. ಒಂದೇ ಪಂದ್ಯ ಆರಿಸಿಕೊಳ್ಳಿ, ಗೆದ್ದದ್ದಕ್ಕಿಂತ ಕೈತಪ್ಪಿದ್ದು ಉತ್ತಮ. ‘ಎಲ್ಲರಿಗೂ ನಮಸ್ಕಾರ’ ಎಂದ ತಕ್ಷಣ ಆ ಪಂದ್ಯದ ನಡುವಿನಿಂದ ಶುರುಮಾಡಿ: ಮೂವರ ಬ್ಯಾಚಿನಲ್ಲಿ ಇಬ್ಬರು ಔಟಾಗಿದ್ದಾರೆ, ನೀವೊಬ್ಬರೇ ಉಳಿದಿದ್ದೀರಿ, ಕಂಬದ ಹತ್ತಿರ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿದಿರಿ, ಡೈವ್ ಹೊಡೆದವಳ ಬೆರಳ ತುದಿ ಹಿಮ್ಮಡಿಗೆ ತಾಗಿತು. ಇಂಥ ನಿಖರತೆಗೆ ಸಭೆ ಕಿವಿಗೊಡುತ್ತದೆ. ‘ತುಂಬಾ ಕಷ್ಟಪಟ್ಟೆ, ಛಲ ಬಿಡಲಿಲ್ಲ’ ಎಂಬುದನ್ನು ಯಾರು ಬೇಕಾದರೂ ಹೇಳಬಹುದು, ಆದ್ದರಿಂದ ಯಾರಿಗೂ ನೆನಪುಳಿಯುವುದಿಲ್ಲ.

ದೊಡ್ಡವರ ವಿಷಯದಲ್ಲೂ ಜನ ನೆನಪಿಟ್ಟುಕೊಂಡದ್ದು ಇಂಥ ಕ್ಷಣಗಳನ್ನೇ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಡಿದ್ದು 55.42 ಸೆಕೆಂಡು, ಕಂಚು ಗೆದ್ದ ರೊಮೇನಿಯಾದವಳದ್ದು 55.41. ಓಟದಲ್ಲಿ ಸ್ಥಾನ ತೀರ್ಮಾನವಾಗುವುದು ಎದೆಭಾಗ ಗೆರೆ ಮುಟ್ಟಿದಾಗ; ಕಾಲೋ ಕೈಯೋ ಮೊದಲು ದಾಟಿದರೆ ಲೆಕ್ಕಕ್ಕಿಲ್ಲ. ಅದನ್ನು ವಿವರಿಸಿದಾಗಲೇ ಸೆಕೆಂಡಿನ ನೂರನೇ ಒಂದು ಭಾಗ ಎಂದರೇನು ಎಂದು ಕೇಳುವವರಿಗೆ ತಿಳಿಯುತ್ತದೆ. 2017ರ ವಿಶ್ವಕಪ್ ಫೈನಲ್‌ನಲ್ಲಿ ಭಾರತ 229 ರನ್ ಬೆನ್ನಟ್ಟಿ 3 ವಿಕೆಟಿಗೆ 191ರಲ್ಲಿತ್ತು. ಉಳಿದ ಏಳು ವಿಕೆಟ್ 28 ರನ್ನಿಗೆ ಬಿದ್ದು 9 ರನ್ನಿನಿಂದ ಸೋತಿತು. ಎತ್ತರ ಜಿಗಿತ ನೋಡಿ. ಕರಾವಳಿಯ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದು ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಆ ಆಟದಲ್ಲಿ ಗೆದ್ದವರೂ ಸಾಮಾನ್ಯವಾಗಿ ಸ್ಪರ್ಧೆ ಮುಗಿಸುವುದು ಸಾಲಾಗಿ ಮೂರು ಸಲ ಪಟ್ಟಿ ಬೀಳಿಸಿಯೇ. ಇಷ್ಟು ಹೇಳಿದರೆ ಸೋಲಿನ ಬಗ್ಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಸಮಯದ ಹಂಚಿಕೆ ಹೀಗಿರಲಿ: ಪಂದ್ಯದ ಕ್ಷಣ ಮೂರು ನಿಮಿಷ. ಅಲ್ಲಿಗೆ ತಲುಪಿದ್ದು ಹೇಗೆ ಎಂಬುದು ಎಂಟು ನಿಮಿಷ. ಎಷ್ಟು ಗಂಟೆಗೆ ಏಳುತ್ತಿದ್ದಿರಿ, ಏನು ತಿನ್ನುತ್ತಿದ್ದಿರಿ, ಮುಟ್ಟಿನ ದಿನಗಳಲ್ಲಿ ಅಭ್ಯಾಸ ಹೇಗೆ ಮಾಡಿದಿರಿ, ಮನೆಯಲ್ಲಿ ಯಾರು ಬೇಡವೆಂದರು, ಯಾರು ಬಸ್ ಚಾರ್ಜು ಕೊಟ್ಟರು. ಆ ಸೋಲಿನ ಮೇಲೆ ಅಭ್ಯಾಸದಲ್ಲಿ ಬದಲಿಸಿದ್ದೇನು ಎಂಬುದು ಐದು ನಿಮಿಷ. ಇದು ಭಾಷಣದ ಜೀವಾಳ, ಇದನ್ನು ಕತ್ತರಿಸಬೇಡಿ. ಉಳಿದದ್ದರಲ್ಲಿ, ಕೇಳುವವರು ತಮ್ಮ ಮಗಳಿಗಾಗಿ ಈ ವಾರವೇ ಮಾಡಬಹುದಾದ ಒಂದು ಕೆಲಸ ಹೇಳಿ.

ಬರೆದುಕೊಂಡರೆ 250 ಪದದ ಪುಟಕ್ಕೆ ಸುಮಾರು ಎರಡೂವರೆ ನಿಮಿಷ ಹಿಡಿಯುತ್ತದೆ, ಅಂದರೆ ಎಂಟು ಪುಟ. ಆದರೆ ಓದಬೇಡಿ. ಒಂದು ಕಾರ್ಡಿನಲ್ಲಿ ಐದೇ ಪದ ದಪ್ಪಕ್ಷರದಲ್ಲಿ ಬರೆದು ಕೈಯಲ್ಲಿಟ್ಟುಕೊಳ್ಳಿ. ಮನೆಯಲ್ಲಿ ನಿಂತುಕೊಂಡೇ ನಾಲ್ಕೈದು ಸಲ ಹೇಳಿ, ಫೋನಿನಲ್ಲಿ ಮುದ್ರಿಸಿ ಕೇಳಿ. ಹೊಸಬರು ಸಾಮಾನ್ಯವಾಗಿ ಅವಸರಿಸಿ 20 ನಿಮಿಷದ್ದನ್ನು 13ರಲ್ಲಿ ಮುಗಿಸುತ್ತಾರೆ. ಉಸಿರು ಮೇಲೆ ಸಿಕ್ಕಿಕೊಳ್ಳುವುದೇ ಕಾರಣ. ವೇದಿಕೆ ಹತ್ತುವ ಮೊದಲು ಪಂದ್ಯಕ್ಕೆ ಮುಂಚಿನ ಹಾಗೆ ಮೈ ಬಿಸಿ ಮಾಡಿಕೊಳ್ಳಿ, ಹತ್ತು ನಿಮಿಷ ನಡೆಯಿರಿ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಗದ್ದದ ನೇರಕ್ಕೆ ಇರಲಿ. ಅದರ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಡಿ. ಮುಚ್ಚಿದರೆ ಸುತ್ತಲಿನ ಸದ್ದೆಲ್ಲ ಎಳೆದುಕೊಂಡು ಕೀರುತ್ತದೆ.

ಪ್ರಶ್ನೆ: ಪ್ರಶ್ನೋತ್ತರದಲ್ಲಿ ಮದುವೆ ಯಾವಾಗ, ಚಡ್ಡಿ ಹಾಕಲು ನಾಚಿಕೆ ಆಗಲಿಲ್ಲವೇ ಎಂದೆಲ್ಲ ಕೇಳಿದರೆ?
— ಓದುಗರು, ಶಿಕಾರಿಪುರ

ಉತ್ತರ: ಚೀಟಿಯಲ್ಲಿ ಬರೆಸಿ, ಇಬ್ಬರು ಕೂತು ಆರಿಸಿ, ನಿರೂಪಕಿ ಓದಲಿ. ಮೊದಲ ಮೂರು ಪ್ರಶ್ನೆ ನೀವೇ ತಯಾರಿಟ್ಟುಕೊಳ್ಳಿ, ಏಕೆಂದರೆ ನಮ್ಮ ಸಭೆಗಳಲ್ಲಿ ಮೊದಲು ಕೈ ಎತ್ತಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಯಾವ ವಿಷಯ ಮಾತಾಡಲು ಇಷ್ಟವಿಲ್ಲ ಎಂದು ಅತಿಥಿಯನ್ನು ಹಿಂದಿನ ದಿನವೇ ಕೇಳಿಕೊಳ್ಳಿ. ಮನೆಯ ಸಾವುನೋವು, ಗಾಯ, ತಂಡದ ಒಳಜಗಳ ಏನೇ ಇರಬಹುದು. ಬಟ್ಟೆಯ ಪ್ರಶ್ನೆಯನ್ನು ಮಾತ್ರ ಪೂರ್ತಿ ಮುಚ್ಚಿಡಬೇಕಿಲ್ಲ. ಅದು ಎಷ್ಟೋ ತಾಯಂದಿರ ಮನಸ್ಸಿನಲ್ಲಿರುವ ನಿಜವಾದ ಅಳುಕು. ‘ಆಟದ ಬಟ್ಟೆ ಹಾಗೆ ಏಕಿರುತ್ತದೆ, ಮನೆಯವರನ್ನು ಹೇಗೆ ಒಪ್ಪಿಸಿದಿರಿ’ ಎಂದು ತಿದ್ದಿ ಕೇಳಿಸಿ.

ಪ್ರಶ್ನೆ: ಪ್ಯಾರಾ ಅಥ್ಲೀಟ್ ಒಬ್ಬರನ್ನು ಕರೆಯುವ ಯೋಚನೆ ಇದೆ. ವ್ಯವಸ್ಥೆ ಏನು ಬೇಕು?
— ರೋಟರಿ ಸದಸ್ಯೆ, ಶಿವಮೊಗ್ಗ

ಉತ್ತರ: ಒಳ್ಳೆಯ ಯೋಚನೆ. ಬೆಂಗಳೂರಿನ ಮಾಲತಿ ಹೊಳ್ಳ ಪೋಲಿಯೊ ಬಾಧಿತರಾಗಿ ಅರ್ಜುನ, ಪದ್ಮಶ್ರೀ ಎರಡನ್ನೂ ಪಡೆದವರು. ದೃಷ್ಟಿ ಇಲ್ಲದ ಓಟಗಾರ್ತಿ ರಕ್ಷಿತಾ ರಾಜು ಪಕ್ಕದ ಚಿಕ್ಕಮಗಳೂರು ಜಿಲ್ಲೆಯವರು. 2018ರ ಜಕಾರ್ತ ಮತ್ತು 2023ರಲ್ಲಿ ನಡೆದ ಹಾಂಗ್‌ಝೌ ಪ್ಯಾರಾ ಏಷ್ಯನ್ ಕೂಟಗಳಲ್ಲಿ 1500 ಮೀಟರ್ ಚಿನ್ನ ಗೆದ್ದವರು. ಆ ಓಟದಲ್ಲಿ ಅಥ್ಲೀಟ್ ಮತ್ತು ಮಾರ್ಗದರ್ಶಕ ಓಟಗಾರ ಒಂದು ಪುಟ್ಟ ಹಗ್ಗದ ಎರಡು ತುದಿ ಹಿಡಿದು ಓಡುತ್ತಾರೆ. ಮಾರ್ಗದರ್ಶಕ ಎಳೆಯುವಂತಿಲ್ಲ, ಗೆರೆಯನ್ನು ಅಥ್ಲೀಟಿಗಿಂತ ಮೊದಲು ದಾಟುವಂತೆಯೂ ಇಲ್ಲ.

ಗಾಲಿಕುರ್ಚಿಯವರಾದರೆ ಇಳಿಜಾರಿನ ಲೆಕ್ಕ ಹಾಕಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು; ಮೂರಡಿಯ ವೇದಿಕೆಗೆ 36 ಅಡಿ. ಅಷ್ಟು ಜಾಗ ಕಲ್ಯಾಣಮಂಟಪಗಳಲ್ಲಿ ಸಿಗುವುದು ಅಪರೂಪ. ಕುರ್ಚಿ ಸಮೇತ ನಾಲ್ಕು ಜನ ಎತ್ತಿ ಮೇಲಿಡುವುದು ಮಾತ್ರ ಖಂಡಿತ ಬೇಡ: ಅಪಾಯವೂ ಹೌದು, ಸಾವಿರ ಜನರ ಎದುರು ಅವಮಾನವೂ ಹೌದು. ವೇದಿಕೆಯನ್ನೇ ಬಿಟ್ಟು, ಎಲ್ಲ ಅತಿಥಿಗಳನ್ನೂ ನೆಲದ ಮಟ್ಟದಲ್ಲಿ ಕೂರಿಸಿ, ಸಭಿಕರ ಕುರ್ಚಿಗಳನ್ನು ಅರ್ಧಚಂದ್ರಾಕಾರವಾಗಿ ಹಾಕಿ. ಪೋಡಿಯಂ ಬದಲು ಕುತ್ತಿಗೆಪಟ್ಟಿಗೆ ಸಿಕ್ಕಿಸುವ ಮೈಕ್ ಕೊಡಿ. ಶೌಚಾಲಯದ ಬಾಗಿಲ ಅಗಲವನ್ನು ಮೊದಲೇ ಅಳೆಯಿರಿ, 32 ಇಂಚಿಗಿಂತ ಕಡಿಮೆಯಿದ್ದರೆ ಬಹಳ ಕುರ್ಚಿಗಳು ಒಳಹೋಗುವುದಿಲ್ಲ. ಸಭಾಂಗಣದ್ದು ಆಗದಿದ್ದರೆ ಹತ್ತಿರದ ಹೋಟೆಲಿನಲ್ಲಿ ಕೋಣೆ ಹಿಡಿಯಿರಿ.

ದೃಷ್ಟಿ ಇಲ್ಲದವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಅವರು ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ. ಸಭೆ ಸೇರುವ ಮೊದಲು ಒಮ್ಮೆ ವೇದಿಕೆ ಮೇಲೆ ನಡೆಸಿ, ಎಷ್ಟು ಮೆಟ್ಟಿಲು, ಅಂಚು ಎಷ್ಟು ಹೆಜ್ಜೆ ದೂರ, ನೀರಿನ ಲೋಟ ಯಾವ ಕಡೆ ಎಂದು ಹೇಳಿ. ಹಾರ ಹಾಕುವ ಮುಂಚೆ ‘ಹಾರ ಹಾಕ್ತಿದೀವಿ’ ಎಂದು ತಿಳಿಸಿ. ಮಾರ್ಗದರ್ಶಕರೂ ಜೊತೆಗೆ ಬಂದರೆ ಅವರಿಗೂ ಒಂದು ಕುರ್ಚಿ, ಒಂದು ಮೈಕ್ ಇಡಿ. ಇಬ್ಬರೂ ಹಗ್ಗ ಹಿಡಿದು ಹತ್ತು ಹೆಜ್ಜೆ ಓಡಿ ತೋರಿಸಲು ಒಪ್ಪಿದರೆ ಸಭೆಯ ನಡುವೆ ಆರಡಿ ಅಗಲದ ದಾರಿ ಖಾಲಿ ಬಿಡಿ, ವೈರುಗಳನ್ನು ಟೇಪು ಹಚ್ಚಿ ನೆಲಕ್ಕೆ ಅಂಟಿಸಿ.